ಎದುರುಗಾಳಿಗೆ ದಿನಕ್ಕೊಂದು ಕಂತು

ಬೆಂಗಳೂರಿನ ಬಡಾವಣೆಗಳಲ್ಲಿ ಕೆಲವಕ್ಕೆ ರಾಜರ ಹೆಸರು, ಕೆಲವಕ್ಕೆ ನಾಯಕರ ಹೆಸರು, ಇನ್ನು ಕೆಲವಕ್ಕೆ ದೇವರ ಹೆಸರು. ವಿಮೆಯ ಹೆಸರು ಹೊತ್ತ ಬಡಾವಣೆ ಮಾತ್ರ ಅಪರೂಪ. ಇಂದಿರಾನಗರ, ಕೋಡಿಹಳ್ಳಿ, ತಿಪ್ಪಸಂದ್ರಗಳ ಮಗ್ಗುಲಲ್ಲಿರುವ ಜೀವನ್ ಬಿಮಾ ನಗರ ಅಂಥದ್ದು. ಜೀವನ್ ಬಿಮಾ ಎಂದರೆ ಜೀವ ವಿಮೆ. 1956ರ ಸೆಪ್ಟೆಂಬರ್ 1ರಂದು ಸ್ಥಾಪನೆಯಾದ ಭಾರತೀಯ ಜೀವ ವಿಮಾ ನಿಗಮದಿಂದ ಬಂದ ಹೆಸರು ಇದು. ಹಳಬರ ಬಾಯಲ್ಲಿ ಇಲ್ಲಿನ ಒಂದು ಭಾಗ ಇಂದಿಗೂ ‘ಎಲ್‌ಐಸಿ ಕಾಲೊನಿ’ಯೇ. ನಿಗಮದ ಲಾಂಛನವನ್ನು ನೋಡದವರಿಲ್ಲ: ಉರಿಯುವ ಒಂದು ದೀಪ, ಅದು ಗಾಳಿಗೆ ಆರದಂತೆ ಮರೆಮಾಡಿದ ಎರಡು ಕೈಗಳು.

ಬೆಳಗಿನ ಐದೂವರೆಯ ಹೊತ್ತಿಗೆ ಹಾಲಿನ ಬೂತಿನ ಮುಂದೆ ಕ್ರೇಟುಗಳ ಸದ್ದು, ಫುಟ್‌ಪಾತಿನ ಮೇಲೆ ಪತ್ರಿಕೆ ಜೋಡಿಸುವ ಹುಡುಗರ ಗಡಿಬಿಡಿ. ಇವುಗಳ ನಡುವೆ ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ನೋಟ ಸೇರಿಕೊಂಡಿದೆ. ತಲೆಗೆ ಹೆಲ್ಮೆಟ್, ಬೆನ್ನಿಗೆ ಚಿಕ್ಕ ಚೀಲ, ತೆಳು ಚಕ್ರದ ಸೈಕಲ್. ಇವರು ಶಾಲೆಗೆ ಹೊರಟ ಮಕ್ಕಳಲ್ಲ, ಕಾರ್ಖಾನೆಯ ಮೊದಲ ಪಾಳಿಗೆ ಹೊರಟವರೂ ಅಲ್ಲ. ಬ್ಯಾಂಕಿನಲ್ಲೋ, ಸಾಫ್ಟ್‌ವೇರ್ ಕಂಪೆನಿಯಲ್ಲೋ, ಕಾಲೇಜಿನಲ್ಲೋ ಕೆಲಸ ಮಾಡುವ ಸಾಮಾನ್ಯ ಗೃಹಸ್ಥರು, ಗೃಹಿಣಿಯರು. ಈಜು, ಸೈಕಲ್ ಸವಾರಿ, ಓಟ ಈ ಮೂರನ್ನೂ ಒಂದರ ಹಿಂದೊಂದರಂತೆ, ನಡುವೆ ವಿಶ್ರಾಂತಿಯಿಲ್ಲದೆ ಮುಗಿಸುವ ಟ್ರಯಥ್ಲಾನ್ ಎಂಬ ಸ್ಪರ್ಧೆಗೆ ತಯಾರಿ ನಡೆಸುತ್ತಿರುವ ಹವ್ಯಾಸಿಗಳು. ಸಂಬಳಕ್ಕಲ್ಲ, ಸರ್ಕಾರಿ ಕೋಟಾಕ್ಕಲ್ಲ, ತಮ್ಮ ಖುಷಿಗೆ ಓಡುವವರು.

ಖುಷಿಗೆ ಓಡುವವರಿಗೂ ಎರಡು ಶತ್ರುಗಳು ಉಂಟು. ಒಂದು ಬಿಸಿಲು, ಇನ್ನೊಂದು ಗಾಳಿ. ಇವೆರಡೂ ಒಟ್ಟಿಗೆ ಬಂದ ದಿನ ಹವ್ಯಾಸಿಯ ಸ್ಪರ್ಧೆ ವೇಗದ ಪರೀಕ್ಷೆಯಾಗಿ ಉಳಿಯುವುದಿಲ್ಲ. ಅದು ವಿವೇಕದ ಪರೀಕ್ಷೆಯಾಗುತ್ತದೆ.

ಮಾರುತನ ರಸ್ತೆ

ಗಾಳಿಯ ಪಾಠ ಕಲಿಯಲು ಜೀವನ್ ಬಿಮಾ ನಗರಕ್ಕಿಂತ ತಕ್ಕ ಜಾಗ ಬೆಂಗಳೂರಿನಲ್ಲಿ ಸಿಗುವುದು ಕಷ್ಟ. ಕೂಗಳತೆಯಲ್ಲೇ ಎಚ್‌ಎಎಲ್ ವಿಮಾನ ನಿಲ್ದಾಣವಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಆರಂಭವಾಗುವವರೆಗೆ ಬೆಂಗಳೂರಿನ ವಿಮಾನ ಪ್ರಯಾಣಿಕರೆಲ್ಲ ಇಳಿಯುತ್ತಿದ್ದುದು ಇಲ್ಲಿಯೇ. ಸುಮಾರು 3.3 ಕಿಲೋಮೀಟರ್ ಉದ್ದದ ಇದರ ಓಡುದಾರಿ ಪೂರ್ವ ಪಶ್ಚಿಮವಾಗಿ ಮಲಗಿದೆ. ಬೆಂಗಳೂರಿನಲ್ಲಿ ಮಳೆಗಾಲದ ಗಾಳಿ ಪಶ್ಚಿಮದ ಕಡೆಯಿಂದ, ಚಳಿಗಾಲದ ಗಾಳಿ ಪೂರ್ವದ ಕಡೆಯಿಂದ ಬೀಸುವುದೇ ಹೆಚ್ಚು. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಎದುರುಗಾಳಿ ರೆಕ್ಕೆಯನ್ನು ಎತ್ತಿಹಿಡಿಯುತ್ತದೆ. ಪಾಪ, ಸೈಕಲ್ಲಿಗೆ ರೆಕ್ಕೆಯಿಲ್ಲ!

ಬಡಾವಣೆಯ ಬಳಿಯಿಂದ ಹಳೇ ಮದ್ರಾಸ್ ರಸ್ತೆಯತ್ತ ಸಾಗುವ ಸುರಂಜನದಾಸ್ ರಸ್ತೆಯಲ್ಲಿ ನಿತ್ಯ ಸಾವಿರಾರು ಜನ ಓಡಾಡುತ್ತಾರೆ. ಹೆಸರು ಯಾರದೆಂದು ಕೇಳಿದರೆ ಬಲ್ಲವರು ಕಡಿಮೆ. ಭಾರತದಲ್ಲೇ ಅಭಿವೃದ್ಧಿಯಾದ ಮೊದಲ ಜೆಟ್ ಯುದ್ಧ ವಿಮಾನವನ್ನು 1961ರ ಜೂನ್ 17ರಂದು ಬೆಂಗಳೂರಿನ ಆಕಾಶಕ್ಕೆ ಮೊದಲ ಬಾರಿಗೆ ಏರಿಸಿದ ಪರೀಕ್ಷಾ ಪೈಲಟ್ ಸುರಂಜನ್ ದಾಸ್. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಎಚ್‌ಎಎಲ್ ವಿನ್ಯಾಸಗೊಳಿಸಿದ ಆ ವಿಮಾನದ ಹೆಸರು ‘ಮಾರುತ’. ಗಾಳಿ ಎಂದೇ ಅರ್ಥ. 1970ರ ಜನವರಿ 10ರಂದು ಅದೇ ವಿಮಾನದ ಪರೀಕ್ಷಾ ಹಾರಾಟದ ವೇಳೆ ನಡೆದ ಅಪಘಾತದಲ್ಲಿ ದಾಸ್ ತೀರಿಕೊಂಡರು. ಗಾಳಿಯೊಂದಿಗೆ ಸರಸ ಸಲ್ಲದು ಎಂಬುದನ್ನು ಈ ರಸ್ತೆಯ ನಾಮಫಲಕ ಸದ್ದಿಲ್ಲದೆ ಹೇಳುತ್ತಲೇ ಇರುತ್ತದೆ.

ಮೂರು ಆಟ, ಒಂದೇ ಗಡಿಯಾರ

ಟ್ರಯಥ್ಲಾನ್ ಪುರಾತನ ಆಟವೇನಲ್ಲ. 1974ರ ಸೆಪ್ಟೆಂಬರ್ 25ರಂದು ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಅಲ್ಲಿನ ಓಟಗಾರರ ಸಂಘವೊಂದು ಇದಕ್ಕೆ ನಾಂದಿ ಹಾಡಿತು. ನಾಲ್ಕು ವರ್ಷದ ಬಳಿಕ, 1978ರ ಫೆಬ್ರುವರಿ 18ರಂದು, ಹವಾಯಿಯಲ್ಲಿ 15 ಮಂದಿ ಸೇರಿ ಮೊದಲ ‘ಐರನ್‌ಮ್ಯಾನ್’ ಸ್ಪರ್ಧೆಗೆ ಇಳಿದರು. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಅದರ ಮೇಲೆ 42.2 ಕಿ.ಮೀ. ಓಟ. ಮುಗಿಸಿದವರು 12 ಮಂದಿ. ಮುಂದಿದ್ದ ಜಾನ್ ಡನ್‌ಬಾರ್‌ಗೆ ಓಟದ ಹೊತ್ತಿನಲ್ಲಿ ನೀರು ಮುಗಿಯಿತು. ಸಹಾಯಕರ ಕೈಯಲ್ಲಿ ಉಳಿದದ್ದು ಬಿಯರ್. ಅದನ್ನೇ ಕುಡಿದ ಅವರನ್ನು ಹಿಂದಿಕ್ಕಿ ಗಾರ್ಡನ್ ಹಾಲರ್ ಗೆದ್ದರು. ಬಿಸಿಲಿನ ಸ್ಪರ್ಧೆಯಲ್ಲಿ ತೊಡೆಯ ಬಲದಷ್ಟೇ ಬಾಟಲಿಯೊಳಗೆ ಏನಿದೆ ಎಂಬುದೂ ಮುಖ್ಯ ಎಂಬ ಪಾಠ ಮೊದಲ ದಿನವೇ ಸಿಕ್ಕಿತು.

2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೆ ಈ ಆಟ ಸೇರಿತು. ಅಲ್ಲಿ ದೂರ ಕಡಿಮೆ: ಒಂದೂವರೆ ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ನಮ್ಮ ಹವ್ಯಾಸಿಗಳಲ್ಲಿ ಹೆಚ್ಚಿನವರು ಕಣ್ಣಿಟ್ಟಿರುವುದು ಐರನ್‌ಮ್ಯಾನ್‌ನ ಅರ್ಧದಷ್ಟು ದೂರದ ಸ್ಪರ್ಧೆಯ ಮೇಲೆ. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಭಾರತದಲ್ಲಿ ಇದು ಮೊದಲು ನಡೆದದ್ದು 2019ರ ಅಕ್ಟೋಬರ್ 20ರಂದು, ಗೋವಾದ ಪಣಜಿಯ ಮಿರಾಮಾರ್ ಕಡಲತೀರದಲ್ಲಿ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ತಲುಪಬಹುದಾದ ಊರು. ಹೀಗಾಗಿ ‘ನಾವೂ ಒಮ್ಮೆ ನೋಡೋಣ’ ಎನ್ನುವವರ ಸಂಖ್ಯೆ ಬೆಳೆಯಿತು.

ಹೊಸಕೋಟೆಯ ಲೆಕ್ಕ

ತಯಾರಿ ಹೇಗಿರುತ್ತದೆ? ಹಲಸೂರು ಕೆರೆ ಹತ್ತಿರವೇ ಇದ್ದರೂ ಅದು ನೋಡಿ ತಣಿಯಲು ಮಾತ್ರ. ಈಜಲು ಈಜುಕೊಳವೇ ಬೇಕು. 25 ಮೀಟರ್ ಕೊಳದಲ್ಲಿ 1.9 ಕಿ.ಮೀ. ಎಂದರೆ 76 ಸಲ ಈ ದಡದಿಂದ ಆ ದಡಕ್ಕೆ. ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಊರ ಬಾವಿಯಲ್ಲಿ ಈಜು ಕಲಿತ ಹಿರಿಯರು ಈ ಎಣಿಕೆ ಕೇಳಿದರೆ ನಕ್ಕಾರು. ಆದರೆ ನೀರಿನ ಭಯ ಬಿಟ್ಟವರಿಗೆ ಅರ್ಧ ಕೆಲಸ ಮುಗಿದಂತೆ ಎಂದೂ ಹೇಳಿಯಾರು.

ಸೈಕಲ್ ತಯಾರಿಗೆ ಭಾನುವಾರದ ಮುಂಜಾವು. ಸುರಂಜನದಾಸ್ ರಸ್ತೆಯಿಂದ ಹಳೇ ಮದ್ರಾಸ್ ರಸ್ತೆ, ಟಿನ್ ಫ್ಯಾಕ್ಟರಿ, ಕೆ.ಆರ್. ಪುರದ ತೂಗುಸೇತುವೆ, ಹೊಸಕೋಟೆ, ಅಲ್ಲಿಂದ ನರಸಾಪುರದ ದಿಕ್ಕು. ಹೋಗಿ ಬರುವುದು ಸೇರಿ 90 ಕಿ.ಮೀ. ಲಾರಿಗಳ ಕಾಟ ಏರುವ ಮುನ್ನ ಮನೆ ಸೇರಬೇಕು. ಅಕ್ಟೋಬರಿನ ಸ್ಪರ್ಧೆಗೆ ತಯಾರಿ ನಡೆಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಗ ಪಶ್ಚಿಮದ ಗಾಳಿ. ಹೊಸಕೋಟೆಯತ್ತ ಹೋಗುವಾಗ ಬೆನ್ನು ತಳ್ಳುವ ಗಾಳಿ, ಹಿಂತಿರುಗುವಾಗ ಎದೆ ತಳ್ಳುತ್ತದೆ. ಹೋಗುವಾಗ ‘ಆಹಾ, ಎಷ್ಟು ಸಲೀಸು’ ಎಂದು ಬೀಗಿದ ಕಾಲುಗಳು ಬರುವಾಗ ಬಡ್ಡಿ ಸಮೇತ ತೆರುತ್ತವೆ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಚೆಂದದ ಲೆಕ್ಕವಿದೆ. ಗಾಳಿಯಿಲ್ಲದ ದಿನ ಗಂಟೆಗೆ 25 ಕಿ.ಮೀ. ವೇಗದಲ್ಲಿ 90 ಕಿ.ಮೀ. ಕ್ರಮಿಸಲು 3 ಗಂಟೆ 36 ನಿಮಿಷ ಬೇಕು. ಗಾಳಿಯ ದಿನ ಎದುರಿಗೆ 20, ಬೆನ್ನಿಗೆ 30 ಕಿ.ಮೀ. ವೇಗ ಎಂದಿಟ್ಟುಕೊಳ್ಳಿ. ಸರಾಸರಿ 25 ತಾನೇ, ಸಮಯವೂ ಅಷ್ಟೇ ಆಗಬೇಕಲ್ಲವೇ? ಇಲ್ಲ. 45 ಕಿ.ಮೀ.ಗೆ 2 ಗಂಟೆ 15 ನಿಮಿಷ, ಉಳಿದ 45ಕ್ಕೆ ಒಂದೂವರೆ ಗಂಟೆ. ಒಟ್ಟು 3 ಗಂಟೆ 45 ನಿಮಿಷ. ಗಾಳಿ ಕಸಿದುಕೊಂಡಷ್ಟನ್ನು ಗಾಳಿ ಹಿಂದಿರುಗಿಸುವುದಿಲ್ಲ.

ಇನ್ನೂ ಒಂದು ಮಾತು. ಗಾಳಿಯ ತಡೆ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 25 ಕಿ.ಮೀ. ವೇಗದ ಸವಾರನಿಗೆ 15 ಕಿ.ಮೀ. ವೇಗದ ಗಾಳಿ ಎದುರಾದರೆ ಅವನಿಗೆ ತಾಗುವುದು 40 ಕಿ.ಮೀ. ವೇಗದ ಗಾಳಿ. ಅದೇ ವೇಗವನ್ನು ಬಿಡದೆ ಹಿಡಿಯುತ್ತೇನೆಂದರೆ ಎರಡೂವರೆ ಪಟ್ಟು ತಡೆಯನ್ನು ತಳ್ಳಬೇಕು. ಹವ್ಯಾಸಿಗಳ ಈ ಬಗೆಯ ಸ್ಪರ್ಧೆಗಳಲ್ಲಿ ಇನ್ನೊಬ್ಬರ ಸೈಕಲ್ಲಿನ ಹಿಂದೆ ಅಂಟಿಕೊಂಡು ಗಾಳಿಯಿಂದ ಮರೆಯಾಗುವಂತಿಲ್ಲ. ನಿಗದಿತ ಅಂತರ ಕಾಯದಿದ್ದರೆ ದಂಡನೆ. ಆದ್ದರಿಂದ ಬಲ್ಲವರು ಎದುರುಗಾಳಿಯಲ್ಲಿ ಬೆನ್ನು ಬಗ್ಗಿಸಿ, ಹಗುರ ಗೇರ್ ಹಾಕಿ, ವೇಗದ ಆಸೆ ಬಿಟ್ಟು ಉಸಿರಿನ ಲಯ ಹಿಡಿಯುತ್ತಾರೆ.

ತಂಪು ಊರಿನ ಮೋಸ

ಗಾಳಿಯ ಪಾಠ ಹೊಸಕೋಟೆ ರಸ್ತೆಯಲ್ಲಿ ಸಿಗುತ್ತದೆ, ಸರಿ. ಬಿಸಿಲಿನ ಪಾಠ? ಬೆಂಗಳೂರಿಗ ಎಡವುವುದು ಇಲ್ಲಿಯೇ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಈ ಊರಿನ ಮುಂಜಾವು ಆಗಸ್ಟ್, ಸೆಪ್ಟೆಂಬರ್‌ನಲ್ಲೂ ತಂಪು. 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ದಾಖಲಾದದ್ದುಂಟು, ಆದರೆ ಅದು ಬೇಸಿಗೆಯ ಒಣ ಬಿಸಿಲು. ಕರಾವಳಿಯ ಅಕ್ಟೋಬರ್ ಬೇರೆಯದೇ ಜಾತಿ. ಮಳೆ ಹಿಂದೆ ಸರಿದು, ಮೋಡ ಕರಗಿ, ಒದ್ದೆ ನೆಲದ ಮೇಲೆ ಬಿಸಿಲು ಬಿದ್ದು, ಗಾಳಿಯೆಲ್ಲ ಹಬೆಯಾಗಿರುವ ಕಾಲ.

ದೇಹ ಒಂದು ಒಲೆ. ತಿಂದ ಅನ್ನದ ಶಕ್ತಿಯಲ್ಲಿ ನಾಲ್ಕನೇ ಒಂದು ಪಾಲೂ ಪೆಡಲ್ ತುಳಿಯಲು ಸಿಗುವುದು ಕಷ್ಟ. ಉಳಿದದ್ದೆಲ್ಲ ಶಾಖ. ಆ ಶಾಖವನ್ನು ಹೊರಹಾಕುವ ಮುಖ್ಯ ದಾರಿ ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಆವಿಯಾಗಬೇಕು ಎಂಬುದೇ ಇಲ್ಲಿನ ಗುಟ್ಟು. ತೇವ ತುಂಬಿದ ಗಾಳಿಯಲ್ಲಿ ಬೆವರು ಆವಿಯಾಗದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ನೀರೂ ಹೋಯಿತು, ಉಪ್ಪೂ ಹೋಯಿತು, ಶಾಖ ಒಳಗೇ ಉಳಿಯಿತು.

ಮನುಷ್ಯನ ದೇಹ ಇಂಥ ಒತ್ತಡವನ್ನು ಎಷ್ಟು ತಡೆದೀತು ಎಂಬುದನ್ನು ಶಾಸ್ತ್ರೋಕ್ತವಾಗಿ ಅಧ್ಯಯನ ಮಾಡುವ ವಾಯುಪಡೆಯ ಏರೋಸ್ಪೇಸ್ ವೈದ್ಯಕೀಯ ಸಂಸ್ಥೆಯೂ ಜೀವನ್ ಬಿಮಾ ನಗರದ ನೆರೆಯಲ್ಲೇ, ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿದೆ. ಗಗನಯಾನಕ್ಕೆ ಪೈಲಟ್‌ಗಳನ್ನು ಆರಿಸುವ ವೈದ್ಯಕೀಯ ಪರೀಕ್ಷೆಗಳು 2019ರಲ್ಲಿ ನಡೆದದ್ದು ಇಲ್ಲಿಯೇ.

ದೇಹಕ್ಕೆ ಬಿಸಿಲನ್ನು ಕಲಿಸಬಹುದು ಎನ್ನುತ್ತದೆ ವೈದ್ಯಶಾಸ್ತ್ರ. ಆದರೆ ಒಂದೇ ದಿನದಲ್ಲಿ ಅಲ್ಲ. ದಿನವೂ ಒಂದು ಗಂಟೆಯಷ್ಟು ಹೊತ್ತು ಹಿತಮಿತವಾಗಿ ಬಿಸಿಯಲ್ಲಿ ದುಡಿದರೆ 10ರಿಂದ 14 ದಿನಗಳಲ್ಲಿ ದೇಹ ಪಳಗುತ್ತದೆ. ಬೆವರು ಬೇಗ ಒಸರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ, ರಕ್ತದ ದ್ರವಾಂಶ ಹೆಚ್ಚುತ್ತದೆ, ಎದೆಬಡಿತ ತಗ್ಗುತ್ತದೆ. ಅಭ್ಯಾಸ ಬಿಟ್ಟರೆ ಕೆಲವೇ ವಾರಗಳಲ್ಲಿ ಈ ಗಳಿಕೆ ಕರಗುತ್ತದೆ. ವಿಮಾ ಕಚೇರಿಯವರು ಹೇಳುವುದೂ ಇದನ್ನೇ ಅಲ್ಲವೇ? ಕಂತನ್ನು ಕಾಲಕಾಲಕ್ಕೆ ಕಟ್ಟಬೇಕು. ಆಪತ್ತು ಬಂದ ದಿನ ಎಲ್ಲ ಕಂತನ್ನೂ ಒಟ್ಟಿಗೆ ಕಟ್ಟುತ್ತೇನೆಂದರೆ ಯಾರೂ ತೆಗೆದುಕೊಳ್ಳುವುದಿಲ್ಲ.

ಬಾಯಾರಿಕೆಯ ವಿಚಾರದಲ್ಲಿ ನಮ್ಮ ಅಜ್ಜಿಯರು ದಡ್ಡರಾಗಿರಲಿಲ್ಲ. ರಾಮನವಮಿಯ ಬಿಸಿಲಿಗೆ ಬೆಂಗಳೂರಿನ ಬೀದಿಬೀದಿಯಲ್ಲಿ ಹಂಚುವ ಪಾನಕದಲ್ಲಿ ಬೆಲ್ಲವಿದೆ, ನೀರುಮಜ್ಜಿಗೆಯಲ್ಲಿ ಉಪ್ಪಿದೆ. ದುಬಾರಿ ಬಾಟಲಿಗಳಲ್ಲಿ ಬರುವ ಆಟಗಾರರ ಪೇಯದ ತಿರುಳೂ ಇಷ್ಟೇ: ನೀರು, ಸಕ್ಕರೆ, ಉಪ್ಪು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಬೆವರಿನಲ್ಲಿ ಹೋಗುವ ಸೋಡಿಯಂ ಕಡಿಮೆ. ಗಂಟೆಗಟ್ಟಲೆ ಬರೀ ನೀರನ್ನೇ ಹೊಟ್ಟೆಬಿರಿಯೆ ಕುಡಿಯುವುದೂ ಅಪಾಯ. ರಕ್ತದ ಉಪ್ಪು ತೆಳುವಾಗಿ ತಲೆ ಸುತ್ತಿ, ಪ್ರಜ್ಞೆ ತಪ್ಪಿದವರಿದ್ದಾರೆ.

ಕಡಲಿನಿಂದ ಕಾದ ರಸ್ತೆಗೆ

ಸ್ಪರ್ಧೆಯ ದಿನ ಹವ್ಯಾಸಿ ನಿಲ್ಲುವುದು ಇಷ್ಟೆಲ್ಲ ಕಂತುಗಳ ಲೆಕ್ಕಪುಸ್ತಕ ಹಿಡಿದು. ಮುಂಜಾವಿನ ಕಡಲು ಬೆಚ್ಚಗಿರುತ್ತದೆ. ಕೊಳದಲ್ಲಿ ತಳದ ಗೆರೆ ನೋಡಿ ಈಜಿದವರಿಗೆ ಇಲ್ಲಿ ಗೆರೆಯಿಲ್ಲ, ತೇಲುಬುರುಡೆಯನ್ನು ತಲೆಯೆತ್ತಿ ಹುಡುಕಬೇಕು. ಅಲೆ ಬಾಯಿಗೆ ಉಪ್ಪುನೀರು ನುಗ್ಗಿಸುತ್ತದೆ. ದಡ ಸೇರಿದ ಕಾಲು ಮರಳಿನಲ್ಲಿ ತಡವರಿಸುತ್ತದೆ.

ಸೈಕಲ್ ಹತ್ತಿದ ಮೊದಲ ಗಂಟೆ ಹಿತವಾದದ್ದು. ಚರ್ಮದ ಮೇಲಿನ ನೀರು ಗಾಳಿಗೆ ಆರುತ್ತ ತಂಪೆರೆಯುತ್ತದೆ. ಮೋಸ ಇರುವುದೂ ಇಲ್ಲಿಯೇ. ತಂಪು ಎನಿಸಿದಾಗ ಬಾಯಾರಿಕೆ ತಿಳಿಯುವುದಿಲ್ಲ. ಹೊತ್ತೇರಿದಂತೆ ಕಡಲ ಕಡೆಯಿಂದ ಗಾಳಿ ಏಳುತ್ತದೆ. ತಿರುವು ತೆಗೆದುಕೊಂಡಾಗಲೆಲ್ಲ ಒಮ್ಮೆ ಮಿತ್ರ, ಒಮ್ಮೆ ಶತ್ರು. ಅಡ್ಡಗಾಳಿ ಬಂದರೆ ಹ್ಯಾಂಡಲ್ ಅಲುಗುತ್ತದೆ. ಗಾಳಿಯೊಡನೆ ಜಿದ್ದಿಗೆ ಬಿದ್ದು ಇಲ್ಲಿ ಹತ್ತು ನಿಮಿಷ ಗಳಿಸಿದವರು ಓಟದಲ್ಲಿ ಅರ್ಧ ಗಂಟೆ ಕಳೆದುಕೊಳ್ಳುತ್ತಾರೆ.

ಓಟ ಆರಂಭವಾಗುವ ಹೊತ್ತಿಗೆ ಸೂರ್ಯ ನೆತ್ತಿಯತ್ತ. ಸೈಕಲ್ಲಿನ ವೇಗ ತಂದುಕೊಡುತ್ತಿದ್ದ ಗಾಳಿ ಈಗ ಇಲ್ಲ. ಇಷ್ಟು ಹೊತ್ತು ಶತ್ರುವಾಗಿದ್ದ ಗಾಳಿ ಈಗ ಬೀಸಬಾರದೇ ಎಂದು ಮನಸ್ಸು ಹಾರೈಸುತ್ತದೆ. ನೀರಿನ ಮೇಜು ಬಂದಾಗ ಒಂದು ಲೋಟ ಬಾಯಿಗೆ, ಒಂದು ಲೋಟ ತಲೆಗೆ, ಒಂದು ಹಿಡಿ ಮಂಜುಗಡ್ಡೆ ಟೋಪಿಯೊಳಗೆ. ಮೇಜಿನಿಂದ ಮೇಜಿಗೆ ಓಟ, ಮೇಜಿನ ಬಳಿ ನಡಿಗೆ. ಹೀಗೆ ದೂರವನ್ನು ತುತ್ತು ತುತ್ತಾಗಿ ಮುರಿದುಕೊಂಡವರು ಎಂಟೂವರೆ ಗಂಟೆಯ ಗಡುವಿನೊಳಗೆ ಕೊನೆಯ ಗೆರೆ ಮುಟ್ಟುತ್ತಾರೆ. ಕೆಲವರು ಮುಟ್ಟುವುದಿಲ್ಲ. ಆ ಕೆಲವರ ಮಾತನ್ನೂ ಆಡಬೇಕು.

ನಿಲ್ಲುವುದೂ ಒಂದು ವಿದ್ಯೆ

1982ರ ಫೆಬ್ರುವರಿಯಲ್ಲಿ ಹವಾಯಿಯ ಐರನ್‌ಮ್ಯಾನ್‌ಗೆ ಜೂಲಿ ಮಾಸ್ ಎಂಬ 23 ವರ್ಷದ ಕಾಲೇಜು ವಿದ್ಯಾರ್ಥಿನಿ ಬಂದಿದ್ದಳು. ವ್ಯಾಯಾಮ ಮತ್ತು ದೇಹದ ಕುರಿತ ಪ್ರಬಂಧ ಬರೆಯುವುದು ಅವಳ ಉದ್ದೇಶ. ಮಹಿಳೆಯರ ಪೈಕಿ ಎಲ್ಲರಿಗಿಂತ ಮುಂದಿದ್ದ ಅವಳು ಗೆರೆಯ ಸಮೀಪದಲ್ಲಿ ಕುಸಿದಳು, ಎದ್ದಳು, ಮತ್ತೆ ಕುಸಿದಳು. ಕಣ್ಣೆದುರೇ ಕ್ಯಾಥ್ಲೀನ್ ಮೆಕಾರ್ಟ್ನಿ ದಾಟಿ ಹೋದಳು. ಜೂಲಿ ತೆವಳಿಕೊಂಡು ಗೆರೆ ಮುಟ್ಟಿದಳು. ದೂರದರ್ಶನದಲ್ಲಿ ಇದನ್ನು ಕಂಡ ಜಗತ್ತು ಈ ಆಟದತ್ತ ತಿರುಗಿತು. ಆ ಛಲಕ್ಕೆ ತಲೆಬಾಗೋಣ. ಆದರೆ ಅದನ್ನು ನಕಲು ಮಾಡಲು ಮಕ್ಕಳಿಗೆ ಹೇಳುವುದು ಬೇಡ.

ಏಕೆಂದರೆ ಬಿಸಿಲು ಯಾರ ಪದಕವನ್ನೂ ನೋಡುವುದಿಲ್ಲ. 2016ರ ಆಗಸ್ಟ್‌ನಲ್ಲಿ ರಿಯೋ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಬ್ರಿಟನ್ನಿನ ಜಾನಿ ಬ್ರೌನ್‌ಲೀ ಮರುತಿಂಗಳೇ ಮೆಕ್ಸಿಕೋದ ಕೋಜುಮೆಲ್‌ನ ಸೆಕೆಯಲ್ಲಿ, ಗೆಲುವಿಗೆ ಕೆಲವು ನೂರು ಮೀಟರ್ ಇದ್ದಾಗ, ಕುಡಿದವರಂತೆ ತೂರಾಡಿದ. ಹಿಂದಿನಿಂದ ಬಂದ ಅಣ್ಣ, ಚಿನ್ನದ ಪದಕದ ಅಲಿಸ್ಟೇರ್, ತನ್ನ ಗೆಲುವಿನ ಆಸೆ ಬಿಟ್ಟು ತಮ್ಮನ ತೋಳು ಹಿಡಿದು ಗೆರೆಯವರೆಗೆ ನಡೆಸಿ, ತನಗಿಂತ ಮೊದಲು ಅವನನ್ನೇ ದಾಟಿಸಿದ. ತಮ್ಮ ಎರಡನೆಯವನು, ಅಣ್ಣ ಮೂರನೆಯವನು. ಜಗತ್ತು ಕಣ್ಣೀರಿಟ್ಟಿತು. ಅಣ್ಣ ಮಾತ್ರ ಆಮೇಲೆ ಗದರಿದ್ದು ಒಂದೇ ಮಾತಿಗೆ: ವೇಗವನ್ನು ಸರಿಯಾಗಿ ಹಂಚಿಕೊಂಡಿದ್ದರೆ ತಮ್ಮನೇ ಗೆಲ್ಲುತ್ತಿದ್ದ.

ಪಾಲಕರು ತಿಳಿದಿರಬೇಕಾದ ಲಕ್ಷಣಗಳು ಕೆಲವು. ಬಿಸಿಲಿನಲ್ಲೂ ಚಳಿ ಎನಿಸಿ ರೋಮ ನಿಮಿರುವುದು, ತಲೆನೋವು, ವಾಂತಿ, ತೂರಾಟ, ಕೇಳಿದ ಪ್ರಶ್ನೆಗೆ ತಪ್ಪು ಉತ್ತರ. ದೇಹದೊಳಗಿನ ಉಷ್ಣ 40 ಡಿಗ್ರಿ ದಾಟಿ, ಬುದ್ಧಿ ಕದಡಿದರೆ ಅದು ಶಾಖಾಘಾತ. ಓಟಗಾರರಲ್ಲಿ ಬೆವರು ಸುರಿಯುತ್ತಿರುವಾಗಲೂ ಇದು ಬರಬಹುದು. ಮೊದಲು ನೆರಳು, ತಣ್ಣೀರು, ಮಂಜುಗಡ್ಡೆ, ಬೀಸಣಿಗೆ. ತಂಪು ಮಾಡುತ್ತಲೇ ವೈದ್ಯರನ್ನು ಕರೆಸಬೇಕು. ಶಾಲೆಯ ಕ್ರೀಡಾದಿನಕ್ಕೂ ಈ ಮಾತು ಸಲ್ಲುತ್ತದೆ. ಜ್ವರ ಬಿಟ್ಟು ಎರಡು ದಿನವಾಗದ ಮಗುವನ್ನು ‘ಒಂದೇ ಒಂದು ಓಟ’ ಎಂದು ಬಿಸಿಲಿಗೆ ಇಳಿಸುವುದು ಪ್ರೋತ್ಸಾಹವಲ್ಲ.

ಹಾಗೆಂದು ಹೆದರಿ ಮನೆಯಲ್ಲಿ ಕೂರಬೇಕೆಂದಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ನೈಋತ್ಯ ರೈಲ್ವೆಯ ಅಧಿಕಾರಿ ಶ್ರೇಯಸ್ ಹೊಸೂರು 2022ರ ಜೂನ್ 5ರಂದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಪೂರ್ಣ ಐರನ್‌ಮ್ಯಾನ್ ಅನ್ನು 13 ಗಂಟೆ 26 ನಿಮಿಷಗಳಲ್ಲಿ ಮುಗಿಸಿದರು. ಭಾರತೀಯ ರೈಲ್ವೆಯ ಅಧಿಕಾರಿಗಳಲ್ಲಿ ಇವರೇ ಮೊದಲಿಗರು. ಬೆಂಗಳೂರಿನಲ್ಲಿ ಸ್ವಂತ ಕಂಪೆನಿ ಕಟ್ಟಿ, ನ್ಯೂಜಿಲೆಂಡಿನಲ್ಲಿ ಡಾಕ್ಟರೇಟ್ ಓದಿದ ಎಂಜಿನಿಯರ್ ಅನು ವೈದ್ಯನಾಥನ್ 2009ರಲ್ಲಿ ಕೆನಡಾದ ಅಲ್ಟ್ರಾಮ್ಯಾನ್ ಪೂರೈಸಿದರು. ಅದು ಮೂರು ದಿನದ ಸ್ಪರ್ಧೆ: 10 ಕಿ.ಮೀ. ಈಜು, 420 ಕಿ.ಮೀ. ಸೈಕಲ್, 84 ಕಿ.ಮೀ. ಓಟ. ಇಬ್ಬರೂ ಹೊಟ್ಟೆಪಾಡಿಗೆ ಬೇರೆ ಕೆಲಸ ಇದ್ದವರು. ದಿನದ ಕಂತು ತಪ್ಪಿಸದವರು.

ಗೋವಾದಿಂದ ರಾತ್ರಿ ಬಸ್ಸು ಹಿಡಿದು ಸೋಮವಾರ ಬೆಳಿಗ್ಗೆ ಜೀವನ್ ಬಿಮಾ ನಗರದ ತಿರುವಿನಲ್ಲಿ ಇಳಿಯುವ ಹವ್ಯಾಸಿಯ ಚೀಲದಲ್ಲಿ ಪದಕ ಇರಬಹುದು, ಇಲ್ಲದಿರಬಹುದು. ಓಟದ ಹದಿನಾರನೇ ಕಿಲೋಮೀಟರಿನಲ್ಲಿ ಮೈಗೆ ಚಳಿ ಹಿಡಿದದ್ದನ್ನು ಗುರುತಿಸಿ, ನೆರಳು ಹುಡುಕಿ ಕುಳಿತವರ ಚೀಲ ಖಾಲಿ. ಆದರೆ ಅವರು ಮನೆಗೆ ಬಂದಿದ್ದಾರೆ. ಕಂತು ತಪ್ಪಿ ನಿಂತ ಪಾಲಿಸಿಯನ್ನು ಮತ್ತೆ ಜೀವಂತಗೊಳಿಸುವ ಅವಕಾಶ ವಿಮಾ ನಿಗಮದಲ್ಲೂ ಉಂಟು. ಮುಂದಿನ ವರ್ಷವೂ ಅಕ್ಟೋಬರ್ ಬರುತ್ತದೆ.

ಹಾಲಿನ ಬೂತಿನ ಮುಂದೆ ಅದೇ ಕ್ರೇಟುಗಳ ಸದ್ದು. ಎಚ್‌ಎಎಲ್ ಕಡೆಯಿಂದ ಯಾವುದೋ ವಿಮಾನ ಎದುರುಗಾಳಿಗೆ ಮುಖಮಾಡಿ ಏರುತ್ತಿದೆ. ವಿಮಾ ಕಚೇರಿಯ ಫಲಕದ ಮೇಲಿನ ದೀಪ, ಅದರ ಎರಡು ಬದಿಯ ಕೈಗಳು ಇದ್ದಲ್ಲಿಯೇ ಇವೆ. ಆ ಕೈಗಳು ಗಾಳಿಯನ್ನು ನಿಲ್ಲಿಸಿಲ್ಲ. ದೀಪ ಆರದಂತೆ ನೋಡಿಕೊಂಡಿವೆ, ಅಷ್ಟೆ.